ಸೋರುವ ಎಂಜಿನ್‌ಗೆ ಇನ್ನೊಂದು ಟ್ಯೂಬ್ ಸಿಲಿಕೋನ್ ಸಾಕಾ?

ಹೋದ ಸೆಮಿಸ್ಟರ್ ರಜೆಯಲ್ಲಿ ನಾವು ನಾಲ್ಕು ಜನ ಸೇರಿ ಒಂದು ಅಂಬಾಸಿಡರ್ ಎಂಜಿನ್ ಬಿಚ್ಚಿ ಜೋಡಿಸಿದ್ವಿ. ಗಾಡಿ ನಮ್ಮ ಗೆಳೆಯನ ತಾತನದು, 1984ರ ಪೆಟ್ರೋಲ್ ಮಾಡೆಲ್. ತಿಪಟೂರಿನ ಹತ್ತಿರದ ತೋಟದ ಮನೆಯ ಶೆಡ್‌ನಲ್ಲಿ ಕೊಬ್ಬರಿ ಚೀಲಗಳ ಪಕ್ಕ ಆರೇಳು ವರ್ಷದಿಂದ ನಿಂತಿತ್ತು. ತಾತ ಕೇಳಿದ್ದು ಒಂದೇ ಮಾತು: "ಹುಡುಗ್ರಾ, ಕಲಿಯೋಕೆ ಅಂತ ಬಿಚ್ಚಿ, ಬೇಡ ಅನ್ನಲ್ಲ. ಆದ್ರೆ ವಾಪಸ್ ಜೋಡಿಸ್ಬೇಕು."

ಜೋಡಿಸಿದ್ವಿ. ಮೊದಲ ಸಲಕ್ಕೇ ಸ್ಟಾರ್ಟ್ ಆಯ್ತು, ವಿಡಿಯೋ ಮಾಡಿ ಸ್ಟೇಟಸ್‌ಗೂ ಹಾಕಿದ್ವಿ. ಅರವತ್ತು ಕಿಲೋಮೀಟರ್ ಓಡಿಸಿದ ಮೇಲೆ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿತ್ತು. ಗಾಡಿಯ ಕೆಳಗೆ ಹಾಸಿದ್ದ ಪೇಪರ್ ಮೇಲೆ ಅಂಗೈ ಅಗಲದ ಎರಡು ಕಲೆ. ಒಂದು ಎಂಜಿನ್ ಮುಂದೆ, ಇನ್ನೊಂದು ಗೇರ್‌ಬಾಕ್ಸ್ ಸೇರುವ ಕಡೆ. ನೀರು ಆಯಿಲ್‌ಗೆ ಸೇರಿದರೆ ಬೇರಿಂಗ್ ಮೇಲಿನ ಆಯಿಲ್ ಪದರ ನಿಲ್ಲಲ್ಲ, ಲೋಹಕ್ಕೆ ಲೋಹ ಉಜ್ಜುತ್ತೆ. ಆ ಕ್ರ್ಯಾಂಕ್ ಶಾಫ್ಟ್ ಆಗಲೇ ಮೂರು ಸಲ ಗ್ರೈಂಡ್ ಆಗಿತ್ತು, ಇನ್ನೊಂದೇ ಸೈಜ್ ಬಾಕಿ. ಅದೂ ಮುಗಿದರೆ ತಾತನ ಎಂಜಿನ್ ಗುಜರಿಗೆ. ತಕ್ಷಣ ನಿಲ್ಲಿಸಿದ್ದರಿಂದ ಬೇರಿಂಗ್ ಶೆಲ್‌ಗಳು ಮಾತ್ರ ಹೋದವು, ಕ್ರ್ಯಾಂಕ್ ಉಳೀತು. ಎರಡನೇ ಗ್ಯಾಸ್ಕೆಟ್ ಕಿಟ್ಟು ಮತ್ತು ಶೆಲ್ ಸೆಟ್ಟಿನ ದುಡ್ಡು ನಮ್ಮ ಜೇಬಿಂದಲೇ ಹೋಯಿತು.

ನಾವೇನು ಸೀಲ್ ಮಾಡದೆ ಬಿಟ್ಟಿದ್ವಾ? ಇಲ್ಲ. ಎಲ್ಲಾ ಕಡೆ ಧಾರಾಳವಾಗಿ ಸಿಲಿಕೋನ್ ಬಳಿದಿದ್ವಿ. ತಪ್ಪು ಆಗಿದ್ದು ಅಲ್ಲೇ ಅಂತ ಗೊತ್ತಾಗಿದ್ದು ಎರಡನೇ ಸಲ ಬಿಚ್ಚಿದಾಗ.

ಮೊದಲು ಎಂಜಿನ್ ಬಗ್ಗೆ ಒಂಚೂರು. ಅಂಬಾಸಿಡರ್ ಅಂದ್ರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದನ್ನ 2014ರವರೆಗೂ ತಯಾರಿಸಿತು. ನಮ್ಮ ಗಾಡಿಯಲ್ಲಿದ್ದದ್ದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್‌ನ ಬಿ ಸೀರೀಸ್ ಎಂಜಿನ್. 1489 ಸಿಸಿ, ಬೋರ್ 73 ಮಿ.ಮೀ., ಸ್ಟ್ರೋಕ್ 88.9 ಮಿ.ಮೀ., ಕ್ರ್ಯಾಂಕಿಗೆ ಮೂರೇ ಮೇನ್ ಬೇರಿಂಗ್, ಬ್ಲಾಕೂ ಹೆಡ್ಡೂ ಎರಡೂ ಎರಕದ ಕಬ್ಬಿಣ. ಎಂಜಿಎ ಅನ್ನೋ ಸ್ಪೋರ್ಟ್ಸ್ ಕಾರಲ್ಲಿ ಇದ್ದದ್ದೂ ಇದೇ ಕುಟುಂಬದ ಎಂಜಿನ್ ಅಂದ್ರೆ ನಮ್ಮ ಊರಿನ ಟ್ಯಾಕ್ಸಿ ಡ್ರೈವರ್‌ಗಳು ನಗ್ತಾರೆ.

ಈಗ ವಿಷಯ. ಗ್ಯಾಸ್ಕೆಟ್ ಸೋರಿಕೆ ನಿಲ್ಲಿಸುತ್ತೆ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಅದು ಅರ್ಧ ಸತ್ಯ. ಗ್ಯಾಸ್ಕೆಟ್ ಬರೀ ಎರಡು ಮೇಲ್ಮೈಗಳ ಸಣ್ಣಪುಟ್ಟ ಏರುತಗ್ಗು ತುಂಬುತ್ತೆ. ಸೋರಿಕೆ ನಿಲ್ಲಿಸೋದು ಬೋಲ್ಟು ಸ್ಟಡ್ಡುಗಳ ಹಿಡಿತ. ಆ ಹಿಡಿತ ಎಲ್ಲಾ ಕಡೆ ಸಮವಾಗಿ ಬೀಳಬೇಕು ಅಂದ್ರೆ ಮೇಲ್ಮೈ ಸಪಾಟಾಗಿರಬೇಕು. ಇವೆರಡೂ ಇದ್ದು ಒಳಗಿನ ಒತ್ತಡ ಮಿತಿ ಮೀರಿದರೂ ಸೋರುತ್ತೆ. ಮೇಲ್ಮೈ, ಹಿಡಿತ, ಒತ್ತಡ. ಈ ಮೂರರಲ್ಲಿ ಒಂದು ಕೆಟ್ಟಿದ್ದರೆ ಎಷ್ಟೇ ಸಿಲಿಕೋನ್ ಮೆತ್ತಿದರೂ ಅಷ್ಟೇ. ನಮ್ಮ ಎಂಜಿನ್‌ನಲ್ಲಿ ಮೂರೂ ಕೆಟ್ಟಿದ್ವು!

ಹೆಡ್ ಗ್ಯಾಸ್ಕೆಟ್ ಮೇಲೆ ಬೀಳೋ ಹೊರೆ ಲೆಕ್ಕ ಹಾಕಿ ನೋಡಿ. 73 ಮಿ.ಮೀ. ಬೋರ್ ಅಂದ್ರೆ ಸುಮಾರು 42 ಚದರ ಸೆಂಟಿಮೀಟರ್ ವಿಸ್ತೀರ್ಣ. ದಹನದ ಒತ್ತಡ 40 ಬಾರ್ ಅಂತ ಹಿಡಿದರೂ ಹೆಡ್ಡನ್ನ ಮೇಲಕ್ಕೆ ಎತ್ತೋ ಬಲ 16 ಕಿಲೋನ್ಯೂಟನ್‌ಗಿಂತ ಜಾಸ್ತಿ, ಅಂದ್ರೆ ಒಂದೂವರೆ ಟನ್ನಿಗೂ ಮೇಲೆ. 3000 ಆರ್‌ಪಿಎಂನಲ್ಲಿ ಒಂದೊಂದು ಸಿಲಿಂಡರ್ ಸೆಕೆಂಡಿಗೆ 25 ಸಲ ಹೀಗೆ ಹೊಡೆಯುತ್ತೆ. ಅದೇ ಗ್ಯಾಸ್ಕೆಟ್ಟಿನಲ್ಲಿ ನೀರಿನ ದಾರಿ ಇದೆ, ಪುಶ್‌ರಾಡ್ ಇಳಿಯೋ ತೂತುಗಳಿವೆ, ಆಯಿಲ್ ದಾರಿಯೂ ಇದೆ. ನೀರಿನ ದಾರಿಗೂ ಪುಶ್‌ರಾಡ್ ತೂತಿಗೂ ನಡುವಿನ ಗೋಡೆ ಎಷ್ಟು ಕಿರಿದು ಅಂತ ಹಳೇ ಗ್ಯಾಸ್ಕೆಟ್ ಕೈಲಿ ಹಿಡಿದು ನೋಡಿದರೆ ಗೊತ್ತಾಗುತ್ತೆ. ನಮ್ಮ ನೀರು ಆಯಿಲ್ ಸೇರಿದ್ದು ಆ ಗೋಡೆ ದಾಟಿಯೇ.

ಮೊದಲ ಸಲ ಹೆಡ್ಡನ್ನ ಬೋರಿಂಗ್ ಶಾಪಿಗೆ ಕೊಟ್ಟು ಫೇಸಿಂಗ್ ಮಾಡಿಸಿದ್ವಿ. ಬ್ಲಾಕ್ ಮೇಲ್ಮೈಯನ್ನ ಬರೀ ಕಣ್ಣಲ್ಲಿ ನೋಡಿ "ಚೆನ್ನಾಗಿದೆ" ಅಂತ ಬಿಟ್ವಿ. ಎರಡನೇ ಸಲ ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿದಾಗ ಬಣ್ಣ ಬಯಲಾಯ್ತು. ಎರಡು ಸ್ಟಡ್‌ಗಳ ಸುತ್ತ ಕಬ್ಬಿಣ ಗುಳ್ಳೆಯ ಹಾಗೆ ಮೇಲೆದ್ದಿತ್ತು. ಮೂವತ್ತು ನಲವತ್ತು ವರ್ಷ ಸ್ಟಡ್ ಮೇಲಕ್ಕೆ ಎಳೆದೂ ಎಳೆದೂ ಮೊದಲ ಎಳೆಯ ಥ್ರೆಡ್ ಜೊತೆ ಬ್ಲಾಕಿನ ಲೋಹವೂ ಎದ್ದಿರುತ್ತೆ. ಹೊಸ ಗ್ಯಾಸ್ಕೆಟ್ ಆ ಗುಳ್ಳೆಗಳ ಮೇಲೆ ಕೂತಿತ್ತು, ಹಿಡಿತವೆಲ್ಲ ಅಲ್ಲೇ ಖರ್ಚಾಗಿತ್ತು. ಪಕ್ಕದ ನೀರಿನ ದಾರಿಯ ಹತ್ತಿರ ಗ್ಯಾಸ್ಕೆಟ್ ಸರಿಯಾಗಿ ಒತ್ತಿಯೇ ಇರಲಿಲ್ಲ. ಪರಿಹಾರ ಸಣ್ಣದು. ಸ್ಟಡ್ ಬಿಚ್ಚಿ ತೂತಿನ ಬಾಯಿಗೆ ಚೂರು ಕೌಂಟರ್‌ಸಿಂಕ್ ಹೊಡೆದು, ಮೇಲ್ಮೈಯನ್ನ ಸಪಾಟು ಮಾಡಿಸೋದು. ಸಾಮಾನ್ಯವಾಗಿ 0.05 ಮಿ.ಮೀ. ಫೀಲರ್ ಎಲ್ಲೂ ತೂರಬಾರದು ಅಂತ ಇಟ್ಟುಕೊಳ್ಳಿ, ಮ್ಯಾನುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಕೊನೆ ಮಾತು.

ಫೇಸಿಂಗ್ ಅಂದ ತಕ್ಷಣ ಕನ್ನಡಿ ಥರ ಹೊಳೀಬೇಕು ಅಂತೇನಿಲ್ಲ. ಹಳೇ ಥರದ ಕಾಂಪೋಸಿಟ್ ಗ್ಯಾಸ್ಕೆಟ್‌ಗೆ 1.5ರಿಂದ 2.5 ಮೈಕ್ರಾನ್‌ನಷ್ಟು ಒರಟುತನ ಬೇಕು, ಆಗಲೇ ಅದು ಜಾರದೆ ಕಚ್ಚಿಕೊಳ್ಳೋದು. ಹಲವು ಪದರದ ಉಕ್ಕಿನ ಗ್ಯಾಸ್ಕೆಟ್‌ಗೆ ಮಾತ್ರ ಅದಕ್ಕಿಂತ ತುಂಬಾ ನಯವಾದ ಮೇಲ್ಮೈ ಬೇಕು. ಮೆಟ್ರಾಲಜಿ ಲ್ಯಾಬ್‌ನಲ್ಲಿ ಆರ್‌ಎ ಮೌಲ್ಯ ಅಂತ ಬರೆದು ಮರೆತಿದ್ವಲ್ಲ, ಅದು ಇಲ್ಲಿ ಕೆಲಸಕ್ಕೆ ಬಂತು.

ಕೆರೆಯೋದರ ಬಗ್ಗೆ ಒಂದು ಎಚ್ಚರಿಕೆ. ಹಳೇ ಗ್ಯಾಸ್ಕೆಟ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದಾಗ ವೈರ್ ಬ್ರಷ್ ಹಾಕಿ ಧೂಳು ಎಬ್ಬಿಸಬೇಡಿ. ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು, ಕೈಯಲ್ಲೇ ನಿಧಾನಕ್ಕೆ ಕೆರೆಯಿರಿ. ಡ್ರಿಲ್ಲಿಗೆ ಸಿಕ್ಕಿಸೋ ಅಬ್ರೇಸಿವ್ ಡಿಸ್ಕ್ ಅಂತೂ ಬೇಡವೇ ಬೇಡ. ಅದರ ಪುಡಿ ಆಯಿಲ್ ದಾರಿಗೆ ಬಿದ್ದರೆ ಹೊಸ ಬೇರಿಂಗನ್ನ ಉಪ್ಪು ಕಾಗದ ಹಾಕಿ ಉಜ್ಜಿದ ಹಾಗೆ.

ಹಿಡಿತದ ವಿಷಯ ನಮ್ಮ ಸಿಲಬಸ್‌ನಲ್ಲೇ ಇದೆ: ಟಾರ್ಕ್ ಅಂದ್ರೆ ಕೆ ಗುಣಿಸು ಬಲ ಗುಣಿಸು ವ್ಯಾಸ. ಇದರಲ್ಲಿ ಕೆ ಅನ್ನೋದು ಘರ್ಷಣೆಯನ್ನೆಲ್ಲ ಒಂದೇ ಅಂಕಿಗೆ ಇಳಿಸಿದ ಗುಣಾಂಕ. ಒಣ ಥ್ರೆಡ್‌ಗೆ ಸುಮಾರು 0.2, ಆಯಿಲ್ ಹಚ್ಚಿದರೆ ಸುಮಾರು 0.15. ಲೆಕ್ಕಕ್ಕೆಂದು 10 ಮಿ.ಮೀ. ಸ್ಟಡ್‌ಗೆ 50 ನ್ಯೂಟನ್ ಮೀಟರ್ ಕೊಟ್ಟರೆ ಒಣಗಿದ್ದಾಗ ಸಿಗೋ ಹಿಡಿತ 25 ಕಿಲೋನ್ಯೂಟನ್, ಆಯಿಲ್ ಇದ್ದಾಗ 33. ರೆಂಚಿನ ಅಂಕಿ ಒಂದೇ, ಹಿಡಿತದಲ್ಲಿ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ. ನಾವು ಕೊಡೋ ಟಾರ್ಕಿನಲ್ಲಿ ಹೆಚ್ಚುಕಮ್ಮಿ ಹತ್ತನೇ ಒಂದು ಭಾಗ ಮಾತ್ರ ಸ್ಟಡ್ ಎಳೆಯೋಕೆ ಹೋಗುತ್ತೆ, ಉಳಿದದ್ದೆಲ್ಲ ಘರ್ಷಣೆಗೆ. ಹಾಗಾಗಿ ಅರ್ಧ ಸ್ಟಡ್‌ಗಳ ಥ್ರೆಡ್ಡಲ್ಲಿ ತುಕ್ಕು, ಇನ್ನರ್ಧದಲ್ಲಿ ಗ್ರೀಸ್ ಇದ್ದರೆ, ಟಾರ್ಕ್ ರೆಂಚ್ ಎಲ್ಲಾ ಕಡೆ "ಕ್ಲಿಕ್" ಅಂದರೂ ಹೆಡ್ ಸಮವಾಗಿ ಕೂತಿರಲ್ಲ. ನಮ್ಮದು ಇದೇ ಕಥೆ. ಎರಡನೇ ಸಲ ಎಲ್ಲಾ ಥ್ರೆಡ್‌ಗೂ ಡೈ ಓಡಿಸಿ, ವಾಷರ್ ಹೊಸದು ಹಾಕಿ, ಮ್ಯಾನುಯಲ್ ಹೇಳಿದ ಹಾಗೆ ಒಂದೇ ಥರ ಸಿದ್ಧ ಮಾಡಿದ್ವಿ. ನಡುವಿಂದ ಶುರು ಮಾಡಿ ಸುತ್ತುತ್ತಾ ಹೊರಗೆ, ಮೂರು ಹಂತದಲ್ಲಿ ಬಿಗಿ. ತಳ ಮುಚ್ಚಿದ ತೂತಿನೊಳಗೆ ಆಯಿಲ್ ಅಥವಾ ನೀರು ನಿಂತಿದ್ದರೆ ಮೊದಲು ಊದಿ ತೆಗೀರಿ. ದ್ರವ ಅದುಮಲ್ಲ, ಬೋಲ್ಟ್ ಬಿಗಿ ಮಾಡ್ತಾ ಹೋದರೆ ಬ್ಲಾಕೇ ಸೀಳಬಹುದು.

ಈ ಥರದ ಗ್ಯಾಸ್ಕೆಟ್ ಬಿಸಿಯಾಗಿ ಆರಿದ ಮೇಲೆ ಚೂರು ಕುಸಿಯುತ್ತೆ, ಹಿಡಿತವೂ ಇಳಿಯುತ್ತೆ. ಆದ್ದರಿಂದ ಹಳೇ ಎಂಜಿನ್‌ನಲ್ಲಿ ಸ್ವಲ್ಪ ಓಡಿಸಿದ ಮೇಲೆ ಹೆಡ್ಡನ್ನ ಇನ್ನೊಮ್ಮೆ ಟಾರ್ಕ್ ಮಾಡಲೇಬೇಕು, ಆಮೇಲೆ ಟ್ಯಾಪೆಟ್ ಅಂತರವನ್ನೂ ನೋಡಬೇಕು. ಮೊದಲ ಸಲ ನಾವು ಸ್ಟೇಟಸ್ ಹಾಕೋ ಗಡಿಬಿಡಿಯಲ್ಲಿ ಇದನ್ನ ಮಾಡಿರಲಿಲ್ಲ.

ತಗಡಿನ ಕವರ್‌ಗಳ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಅಲ್ಲಿ ತೊಂದರೆ ಬರೋದು ಜಾಸ್ತಿ ಬಿಗಿ ಮಾಡೋದರಿಂದ. ರಾಕರ್ ಕವರ್, ಪಕ್ಕದ ಟ್ಯಾಪೆಟ್ ಕವರ್, ಕೆಳಗಿನ ಚೇಂಬರ್, ಇವಕ್ಕೆಲ್ಲ ಕಾರ್ಕ್ ಪ್ಯಾಕಿಂಗ್. ಸೋರ್ತಿದೆ ಅಂತ ಪ್ರತಿ ಮೆಕ್ಯಾನಿಕ್ಕೂ ಒಂದು ಸುತ್ತು ಬಿಗಿ ಮಾಡಿರ್ತಾನೆ. ಬೋಲ್ಟ್ ತೂತಿನ ಸುತ್ತ ತಗಡು ಬಟ್ಟಲಿನ ಹಾಗೆ ಗುಳಿ ಬಿದ್ದು, ಎರಡು ಬೋಲ್ಟ್‌ಗಳ ನಡುವೆ ಕಮಾನಾಗಿ ಎದ್ದಿರುತ್ತೆ. ಆ ಕಮಾನಿನ ಕೆಳಗಿಂದ ಆಯಿಲ್ ಸೋರುತ್ತೆ, ಮತ್ತೆ ಬಿಗಿ ಮಾಡ್ತಾರೆ, ಇನ್ನೂ ಜಾಸ್ತಿ ಸೋರುತ್ತೆ. ಕವರ್ ಬಿಚ್ಚಿ ಸಪಾಟಾದ ಕಬ್ಬಿಣದ ಮೇಲಿಟ್ಟು ಅಂಚನ್ನ ಸಣ್ಣ ಸುತ್ತಿಗೆಯಲ್ಲಿ ತಟ್ಟಿ ನೇರ ಮಾಡಿ. ಆಮೇಲೆ ಕಾರ್ಕ್ ಚೂರೇ ಚೂರು ಉಬ್ಬೋವರೆಗೆ ಮಾತ್ರ ಬಿಗಿ. ಟ್ಯಾಪೆಟ್ ಕವರ್ ಇರೋದು ಮ್ಯಾನಿಫೋಲ್ಡ್ ಹಿಂದೆ. ಎಂಜಿನ್ ಹೊರಗಿರುವಾಗಲೇ ಸರಿ ಮಾಡದಿದ್ರೆ ಆಮೇಲೆ ಬೆರಳು ಸುಟ್ಟುಕೊಂಡು ಬೈಕೋಬೇಕು.

ಚೇಂಬರ್‌ಗೆ ಉದ್ದ ಪಕ್ಕಗಳಿಗೆ ಎರಡು ಪ್ಯಾಕಿಂಗ್, ಮುಂದೆ ಹಿಂದೆ ಬೇರಿಂಗ್ ಕ್ಯಾಪ್‌ಗಳ ಕಮಾನಿಗೆ ಎರಡು ಕಾರ್ಕ್ ಪಟ್ಟಿ. ಸೋರೋದು ಇವು ಸೇರುವ ನಾಲ್ಕು ಮೂಲೆಗಳಲ್ಲಿ. ಸಿಲಿಕೋನ್‌ಗೆ ಸರಿಯಾದ ಜಾಗ ಇದೇ, ಒಂದೊಂದು ಮೂಲೆಗೆ ಕಡಲೆಕಾಳಿನಷ್ಟು. ಇದಕ್ಕಿಂತ ಜಾಸ್ತಿ ಹಾಕಿದರೆ ಹೊರಗೆ ಎಷ್ಟು ಉಕ್ಕುತ್ತೋ ಒಳಗೂ ಅಷ್ಟೇ ಉಕ್ಕುತ್ತೆ. ನಮ್ಮ ಚೇಂಬರ್ ಬಿಚ್ಚಿದಾಗ ಆಯಿಲ್ ಪಂಪಿನ ಜಾಲರಿಗೆ ಸಿಲಿಕೋನ್ ಎಳೆಗಳು ಶಾವಿಗೆ ಥರ ಅಂಟಿದ್ವು. ಅವತ್ತು ನಮಗೆ ನಿಜವಾಗಿ ಭಯ ಆಗಿದ್ದು ಅದನ್ನ ನೋಡಿ. ಆ ಜಾಲರಿ ಕಟ್ಟಿಕೊಂಡರೆ ಹೈವೇಯಲ್ಲಿ ಆಯಿಲ್ ಪ್ರೆಷರ್ ಸೊನ್ನೆ.

ಸೀಲೆಂಟ್‌ಗಳೆಲ್ಲ ಒಂದೇ ಅಲ್ಲ ಅನ್ನೋದೂ ಆಗಲೇ ತಿಳಿದಿದ್ದು. ಆರ್‌ಟಿವಿ ಸಿಲಿಕೋನ್ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತೆ. ಅನೇರೋಬಿಕ್ ಸೀಲೆಂಟ್ ಗಾಳಿ ಇಲ್ಲದ ಕಡೆ, ಎರಡು ಲೋಹದ ನಡುವೆ ಗಟ್ಟಿಯಾಗುತ್ತೆ, ಹೊರಗೆ ಉಕ್ಕಿದ್ದು ದ್ರವವಾಗೇ ಉಳಿದು ತೊಳೆದುಹೋಗುತ್ತೆ. ಹಳೇ ಗ್ಯಾರೇಜುಗಳ ಶೆಲ್ಯಾಕ್ ಅಂದ್ರೆ ನಮ್ಮ ಅರಗೇ, ಕಾಗದದ ಪ್ಯಾಕಿಂಗ್‌ಗೆ ಇವತ್ತಿಗೂ ನಡೆಯುತ್ತೆ. ಯಾವುದೇ ಆಗಲಿ, ಆಯಿಲ್ ಜಿಡ್ಡಿನ ಮೇಲೆ ಹಿಡಿಯಲ್ಲ. ತಾಮ್ರದ ವಾಷರ್ ಮತ್ತೆ ಬಳಸೋದಾದರೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ಉಕ್ಕು ಹಾಗೆ ಮಾಡಿದರೆ ಗಡುಸಾಗುತ್ತೆ, ತಾಮ್ರ ಮೆತ್ತಗಾಗುತ್ತೆ.

ಇನ್ನು ಗೇರ್‌ಬಾಕ್ಸ್ ಕಡೆಯ ಕಲೆ. ಇದು ಈ ಎಂಜಿನ್ನಿನ ಅತ್ಯಂತ ಮಜವಾದ ಭಾಗ. ಕ್ರ್ಯಾಂಕಿನ ಹಿಂಭಾಗದಲ್ಲಿ ರಬ್ಬರ್ ಸೀಲ್ ಹುಡುಕಿದರೆ ಸಿಗಲ್ಲ, ಯಾಕಂದ್ರೆ ಇಲ್ಲವೇ ಇಲ್ಲ! ಶಾಫ್ಟ್ ಮೇಲೆ ಸ್ಕ್ರೂ ಥರ ಸುರುಳಿ ಗಾಡಿ ಕೊರೆದಿದ್ದಾರೆ. ಶಾಫ್ಟ್ ತಿರುಗಿದಾಗ ಆ ಸುರುಳಿ ಸ್ಕ್ರೂ ಪಂಪ್ ಆಗಿ ಹೊರಗೆ ಬರೋ ಆಯಿಲನ್ನ ವಾಪಸ್ ಒಳಗೆ ತಳ್ಳುತ್ತೆ. ಸುರುಳಿಗೂ ಅದರ ಸುತ್ತಲಿನ ಮನೆಗೂ ಮುಟ್ಟಾಟ ಇಲ್ಲ, ಕೂದಲೆಳೆಯಷ್ಟು ಸಂದು ಮಾತ್ರ. ಸವೆಯೋಕೆ ಏನೂ ಇಲ್ಲ, ಬದಲಾಯಿಸೋಕೂ ಏನೂ ಇಲ್ಲ. ಆದರೆ ಶಾಫ್ಟ್ ನಿಂತಾಗ ಪಂಪ್ ಕೂಡ ನಿಲ್ಲುತ್ತೆ, ಉಳಿದ ಆಯಿಲ್ ನಾಲ್ಕು ಹನಿ ಇಳಿಯುತ್ತೆ. ಮೂತಿ ಮೇಲೆ ಮಾಡಿ ಇಳಿಜಾರಲ್ಲಿ ನಿಲ್ಲಿಸಿದರೆ ಇನ್ನೂ ಜಾಸ್ತಿ. ಇದು ವಿನ್ಯಾಸಕಾರರಿಗೂ ಗೊತ್ತಿತ್ತು. ಈ ಕುಟುಂಬದ ಕಾರುಗಳಲ್ಲಿ ಬೆಲ್ ಹೌಸಿಂಗ್ ತಳಕ್ಕೆ ಒಂದು ತೂತು ಇಟ್ಟು, ಅದು ಕೊಳೆ ಕಟ್ಟದೆ ಇರಲಿ ಅಂತ ಸ್ಪ್ಲಿಟ್ ಪಿನ್ ಒಂದನ್ನ ನೇತುಹಾಕಿರ್ತಾರೆ. ಗಾಡಿ ಅಲುಗಾಡಿದಾಗ ಪಿನ್ ಅಲ್ಲಾಡಿ ತೂತು ತೆರೆದೇ ಇರುತ್ತೆ, ಆಯಿಲ್ ಕ್ಲಚ್ಚಿಗೆ ಹೋಗದೆ ನೆಲಕ್ಕೆ ಬೀಳುತ್ತೆ. ಆ ಪಿನ್ನನ್ನ ಯಾರೋ ಮರೆತು ಬಿಟ್ಟದ್ದು ಅಂದುಕೊಂಡು ಕೀಳೋಕೆ ಹೋಗಿದ್ದವರು ನಾವೇ. 1964ರ ಕೊನೆಗೆ ಎಂಜಿಬಿಗೆ ಐದು ಬೇರಿಂಗ್‌ನ ಎಂಜಿನ್ ಬಂದಾಗ ಹಿಂದುಗಡೆ ಲಿಪ್ ಸೀಲ್ ಬಂತು. ಅಂಬಾಸಿಡರ್‌ಗೆ ಮಾತ್ರ ಹಳೇ ಮೂರು ಬೇರಿಂಗ್ ವಿನ್ಯಾಸವೇ ಮುಂದುವರೀತು.

ಹಾಗಾದರೆ ಇಲ್ಲಿ ನಮ್ಮ ಕೈಲಿ ಇರೋದೇನು? ಮೇನ್ ಬೇರಿಂಗ್ ಸವೆದಿದ್ದರೆ ಶಾಫ್ಟ್ ಕೆಳಗೆ ಕೂತು ಸಂದು ಒಂದು ಕಡೆ ಹಿಗ್ಗುತ್ತೆ, ಆದ್ದರಿಂದ ಬೇರಿಂಗ್ ಅಂತರ ಸರಿ ಇರಬೇಕು. ಹಿಂದಿನ ಬೇರಿಂಗ್ ಕ್ಯಾಪ್ ಬ್ಲಾಕಿಗೆ ಸೇರೋ ಜಾಗಕ್ಕೆ ತೆಳ್ಳಗೆ ಸೀಲೆಂಟ್. ಆಯಿಲ್ ಗುರುತಿನ ಮೇಲೆ ತುಂಬಬಾರದು. ಎಲ್ಲಕ್ಕಿಂತ ಮುಖ್ಯ, ಕ್ರ್ಯಾಂಕ್‌ಕೇಸ್ ಒಳಗಿನ ಒತ್ತಡ. ಬಡಪಾಯಿ ಸುರುಳಿಗೆ ಆಯಿಲ್ ತಳ್ಳೋಕೆ ಆಗುತ್ತೆ, ಒಳಗಿಂದ ನುಗ್ಗೋ ಗಾಳಿ ಎದುರಿಸೋಕೆ ಆಗಲ್ಲ.

ಎರಡನೇ ಸಲ ಜೋಡಿಸಿ ಓಡಿಸಿದಾಗ ಮುಂದಿನ ಕಲೆ ಮಾಯ, ಆಯಿಲ್ ಶುದ್ಧ. ಹಿಂದಿನ ಕಲೆ ಮಾತ್ರ ಅಷ್ಟೇ ದೊಡ್ಡದು. ಮತ್ತೆ ಎಂಜಿನ್ ಇಳಿಸಬೇಕಾ ಅಂತ ಒಬ್ಬರ ಮುಖ ಒಬ್ಬರು ನೋಡ್ತಾ ನಿಂತಿದ್ವಿ. ಆಗ ಪಕ್ಕದ ಊರಿನ ಮೇಸ್ತ್ರಿಯೊಬ್ಬರು ಬಂದು, ಎಂಜಿನ್ ಚಾಲೂ ಇರುವಾಗಲೇ ಆಯಿಲ್ ತುಂಬೋ ಮುಚ್ಚಳ ತೆಗೆದು, ಬಾಯಿಗೆ ಒಂದು ರಬ್ಬರ್ ಗ್ಲೌಸ್ ಕಟ್ಟಿಸಿದರು. ನಿಮಿಷದಲ್ಲಿ ಗ್ಲೌಸ್ ಐದು ಬೆರಳೂ ಉಬ್ಬಿಸಿಕೊಂಡು ಟಾಟಾ ಮಾಡ್ತಾ ನಿಂತಿತು. "ಉಸಿರು ಕಟ್ಟೈತೆ ನೋಡ್ರಪ್ಪ, ಬ್ರೀದರ್ ಪೈಪ್ ಬಿಚ್ರಿ" ಅಂದ್ರು. ಟ್ಯಾಪೆಟ್ ಕವರಿಂದ ಕೆಳಗೆ ಇಳಿಯೋ ಪೈಪ್ ಅದು. ಪಿಸ್ಟನ್ ರಿಂಗ್ ದಾಟಿ ಬರೋ ಗ್ಯಾಸು ಹೊರಗೆ ಹೋಗೋ ದಾರಿ. ಬಿಚ್ಚಿ ತಂತಿ ತೂರಿಸಿದರೆ ಒಳಗಿಂದ ಮಣ್ಣಿನ ಉಂಡೆಗಳು ಉದುರಿದ್ವು. ಗಾಡಿ ಶೆಡ್ಡಲ್ಲಿ ನಿಂತ ವರ್ಷಗಳಲ್ಲಿ ಕಣಜ ಅದರೊಳಗೆ ಗೂಡು ಕಟ್ಟಿತ್ತು. ಪೈಪಿನ ಹೊರಗೆ ಬಣ್ಣ ಹೊಡೆದಿದ್ವಿ, ಒಳಗೆ ನೋಡಿರಲಿಲ್ಲ. ಹೊರಗೆ ಹೋಗೋಕಾಗದ ಗ್ಯಾಸು ಸಿಕ್ಕ ಸಂದಿನಲ್ಲೆಲ್ಲ ಆಯಿಲ್ ತಳ್ಳಿಕೊಂಡು ಬರ್ತಿತ್ತು. ಪೈಪ್ ಸ್ವಚ್ಛ ಮಾಡಿದ ಮೇಲೂ ಗ್ಲೌಸ್ ಅದೇ ರಭಸದಲ್ಲಿ ಉಬ್ಬಿದ್ದರೆ ರಿಂಗು ಬೋರು ಸವೆದಿದೆ ಅಂತ ಅರ್ಥ, ಆಗ ಯಾವ ಗ್ಯಾಸ್ಕೆಟ್ಟೂ ಉಳಿಸಲ್ಲ. ನಮ್ಮದು ಇಳೀತು.

ನೀರಿನ ಕಡೆ ಬೇಗ ಹೇಳಿ ಮುಗಿಸ್ತೀವಿ. ಬ್ಲಾಕ್ ಪಕ್ಕದಲ್ಲಿ ದುಂಡಗಿನ ಬಿಲ್ಲೆಗಳಿರುತ್ತವೆ, ಕೋರ್ ಪ್ಲಗ್ ಅಂತ. ನೀರು ಹೆಪ್ಪುಗಟ್ಟಿದಾಗ ಬ್ಲಾಕ್ ಉಳಿಸೋಕೆ ಅಂತ ಕೆಲವರು ಹೇಳ್ತಾರೆ. ನಿಜವಾಗಿ ಅವು ಎರಕ ಹೊಯ್ದ ಮೇಲೆ ಒಳಗಿನ ಮರಳು ತೆಗೆಯೋಕೆ ಬಿಟ್ಟ ತೂತುಗಳು. ಇವು ಒಳಗಿಂದ ತುಕ್ಕು ತಿಂದು ಕಾಗದದಷ್ಟು ತೆಳುವಾಗಿರುತ್ತವೆ, ಹೊರಗೆ ಮಾತ್ರ ಹೊಸದರ ಹಾಗೆ ಕಾಣ್ತವೆ. ಎಂಜಿನ್ ಇಳಿಸಿದಾಗ ಎಲ್ಲವನ್ನೂ ಬದಲಾಯಿಸಿ. "ನಮ್ಮೂರಲ್ಲೇನು ಹಿಮ ಬೀಳುತ್ತಾ, ಕೂಲೆಂಟ್ ಯಾಕೆ" ಅಂತ ಬೋರ್‌ವೆಲ್ ನೀರು ತುಂಬೋ ಅಭ್ಯಾಸದಿಂದಲೇ ಈ ತುಕ್ಕು. ಕೂಲೆಂಟ್‌ನಲ್ಲಿ ತುಕ್ಕು ತಡೆಯೋ ರಾಸಾಯನಿಕ ಇರುತ್ತೆ, ಅದಕ್ಕೆ ಬೇಕು. ಗಡಸು ನೀರು ಬೇಡ, ಡಿಸ್ಟಿಲ್ಡ್ ವಾಟರ್ ಬೆರೆಸಿ. ಗ್ಲೈಕಾಲ್ ಸಿಹಿಯಾಗಿರುತ್ತೆ, ಜೊತೆಗೆ ವಿಷ. ಚೆಲ್ಲಿದರೆ ನಾಯಿ ಬೆಕ್ಕು ನೆಕ್ಕದ ಹಾಗೆ ತೊಳೆದುಬಿಡಿ.

ವಾಟರ್ ಪಂಪಿನ ಕೆಳಗೆ ಸಣ್ಣ ತೂತು ಕಂಡರೆ ಮುಚ್ಚಬೇಡಿ. ಒಳಗಿನ ಸೀಲ್ ಹೋಗಿದೆ ಅಂತ ಹೇಳೋಕೆ ಇಟ್ಟ ತೂತು ಅದು. ರೇಡಿಯೇಟರ್ ಮುಚ್ಚಳ ಹಳೇ ಗಾಡಿಗೆ ಎಷ್ಟು ಒತ್ತಡದ್ದು ಹೇಳಿದೆಯೋ ಅಷ್ಟರದ್ದೇ ಹಾಕಿ. ಹೊಸ ಕಾರಿನ ಮುಚ್ಚಳ ಹಾಕಿದರೆ ಕುದಿಯೋ ಬಿಂದು ಏರುತ್ತೆ ನಿಜ, ಒಂದು ಪಿಎಸ್‌ಐಗೆ ಸುಮಾರು ಒಂದೂವರೆ ಡಿಗ್ರಿ. ಆದರೆ ಆ ಒತ್ತಡವೆಲ್ಲ ಹಳೇ ರೇಡಿಯೇಟರ್ ಬೆಸುಗೆಗಳ ಮೇಲೆ ಬೀಳುತ್ತೆ.

ಥರ್ಮೋಸ್ಟಾಟ್ ಕಿತ್ತು ಬಿಸಾಕೋ ಚಾಳಿ ಇನ್ನೊಂದು. ಎಂಜಿನ್ ಸರಿಯಾಗಿ ಬಿಸಿಯಾಗದೆ ಒಳಗೆ ತೇವ ಉಳಿದು ರಾಕರ್ ಕವರ್ ಒಳಗೆ ಬೆಣ್ಣೆ ಥರ ಬಿಳಿ ಕೆನೆ ಕಟ್ಟುತ್ತೆ. ಅದನ್ನ ನೋಡಿ ಹೆಡ್ ಗ್ಯಾಸ್ಕೆಟ್ ಹೋಯ್ತು ಅಂತ ಬಿಚ್ಚಿದವರಿದ್ದಾರೆ. ಕೆನೆ ಮುಚ್ಚಳದಲ್ಲಿ ಮಾತ್ರ ಇದ್ದು, ಡಿಪ್‌ಸ್ಟಿಕ್ ಶುದ್ಧವಾಗಿದ್ದು, ರೇಡಿಯೇಟರ್ ಮಟ್ಟ ಇಳಿಯದಿದ್ದರೆ ಅವಸರ ಬೇಡ. ಕೂಲಿಂಗ್ ಸಿಸ್ಟಮ್‌ಗೆ ಕೈಪಂಪಿನಿಂದ ಮುಚ್ಚಳದ ಅಂಕಿಯಷ್ಟು ಒತ್ತಡ ಕೊಟ್ಟು ಹತ್ತು ಹದಿನೈದು ನಿಮಿಷ ಮುಳ್ಳು ನಿಲ್ಲುತ್ತಾ ನೋಡಿ. ಆಯಿಲ್ ಸೋರಿಕೆ ಹುಡುಕೋಕೆ ಎಂಜಿನ್ ಪೂರ್ತಿ ತೊಳೆದು ಒಣಗಿಸಿ, ಅನುಮಾನ ಇರೋ ಕಡೆ ಟಾಲ್ಕಮ್ ಪೌಡರ್ ಉದುರಿಸಿ, ಒಂದು ರೌಂಡ್ ಹೋಗಿ ಬನ್ನಿ. ಗಾಳಿ ಆಯಿಲನ್ನ ಹಿಂದಕ್ಕೆ ಒಯ್ಯುತ್ತೆ, ಗುರುತ್ವ ಕೆಳಗೆ ಎಳೆಯುತ್ತೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಇರೋದೇ ಮೂಲ.

ರಜೆ ಮುಗಿಯೋ ಹಿಂದಿನ ದಿನ ಬೆಳಿಗ್ಗೆ ಶೆಡ್ಡಿಗೆ ಹೋಗಿ ಪೇಪರ್ ಎಳೆದು ನೋಡಿದ್ವಿ. ಬೆಲ್ ಹೌಸಿಂಗ್ ಕೆಳಗೆ ಮೂರು ಹನಿ, ಬೇರೆಲ್ಲೂ ಇಲ್ಲ. ತಾತ ಬಗ್ಗಿ ನೋಡಿ, "ಇಷ್ಟು ಹೊಸದರಲ್ಲೂ ಇತ್ತು ಬಿಡ್ರೋ" ಅಂದು, ಒಳಗಿಂದ ಕೊಬ್ಬರಿ ಎಣ್ಣೆಯ ಹಳೇ ಡಬ್ಬಿಯ ಮುಚ್ಚಳ ತಂದು ಅಲ್ಲಿಟ್ಟರು. ಆಮೇಲೆ ಕೀ ಇಸ್ಕೊಂಡು ಒಬ್ಬರೇ ತಿಪಟೂರು ಸಂತೆಗೆ ಹೊರಟರು.